ಜೂಕನ್ ಕಮರಿಯ ಗವಿಗಳು

ಪಶ್ಚಿಮ ಆಸ್ಟ್ರೇಲಿಯದಲ್ಲಿ ಪಿಲ್ಬರಾ ಎಂಬ ಸೀಮೆಯಿದೆ. ಕೆಂಪು ಮಣ್ಣು, ಕೆಂಪು ಬಂಡೆ. ಮಳೆ ಕಡಮೆ, ಬಿಸಿಲು ವಿಪರೀತ. ನೆಲದೊಳಗೆ ಮಾತ್ರ ಲೋಕಪ್ರಸಿದ್ಧವಾದ ಕಬ್ಬಿಣದ ಅದಿರು ತುಂಬಿದೆ. ಅಲ್ಲಿಯ ಹ್ಯಾಮರ್ಸ್ಲಿ ಬೆಟ್ಟಸಾಲಿನ ಜೂಕನ್ ಎಂಬ ಕಮರಿಯಲ್ಲಿ ಎರಡು ಗವಿಗಳಿದ್ದುವು. 2020ನೆಯ ಇಸವಿ ಮೇ 24ರಂದು ರಿಯೋ ಟಿಂಟೋ ಎಂಬ ಗಣಿ ಕಂಪೆನಿ ಮದ್ದಿಟ್ಟು ಅವನ್ನು ಸಿಡಿಸಿತು. ಇದರಲ್ಲಿ ಕಾಯಿದೆಯ ಉಲ್ಲಂಘನೆಯೇನೂ ಇರಲಿಲ್ಲವೆಂಬುದೇ ಆಶ್ಚರ್ಯ. ಮೂಲನಿವಾಸಿಗಳ ಪವಿತ್ರಸ್ಥಾನಗಳನ್ನು ಕಾಪಾಡುವುದಕ್ಕೆಂದೇ ಮಾಡಿದ ಕಾಯಿದೆಯ ಮೇರೆಗೆ ಪಡೆದ ಅನುಮತಿ ಕಂಪೆನಿಯ ಕೈಯಲ್ಲಿತ್ತು.

ಗವಿಗಳು ಎಂಥವೆಂಬುದನ್ನು ಮೊದಲು ತಿಳಿಯಬೇಕು. ಆ ನೆಲ ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಎಂಬ ಜನರದು. ಜೂಕನ್ ಎಂಬುದು ಅವರ ಪೂರ್ವಿಕನೊಬ್ಬನ ಹೆಸರು. 2014ರಲ್ಲಿ ಪ್ರಾಕ್ತನ ಶಾಸ್ತ್ರಜ್ಞರು ಅಲ್ಲಿ ಅಗೆದಾಗ ಸುಮಾರು 7,000 ವಸ್ತುಗಳು ದೊರೆತುವು. ಮನುಷ್ಯರು 46,000 ವರ್ಷಗಳ ಹಿಂದೆಯೇ ಅಲ್ಲಿ ತಂಗುತ್ತಿದ್ದರೆಂದು ಗೊತ್ತಾಯಿತು. ಕಾಂಗರೂವಿನ ಮೂಳೆಯನ್ನು ಮಸೆದು ಮಾಡಿದ ಒಂದು ಹತಾರ ಸಿಕ್ಕಿತು. ಅದಕ್ಕೆ 28,000 ವರ್ಷ. ಇದೆಲ್ಲಕ್ಕಿಂತ ಮನಸ್ಸನ್ನು ಹಿಡಿಯುವುದು ಒಂದು ಹೆಣಿಗೆಯ ತುಂಡು. ಹಲವು ಜನರ ತಲೆಗೂದಲನ್ನು ಸೇರಿಸಿ ಜಡೆಯಂತೆ ಹೆಣೆದದ್ದು, ಸುಮಾರು 4,000 ವರ್ಷ ಹಳೆಯದು. ಪರೀಕ್ಷೆ ಮಾಡಿದಾಗ ಆ ಕೂದಲು ಈಗ ಬದುಕಿರುವ ಇದೇ ಜನರ ಪೂರ್ವಿಕರದೆಂದು ತಿಳಿದುಬಂತು. ತಮ್ಮ ಮನೆತನದ ನಾಲ್ಕು ಸಾವಿರ ವರ್ಷದ ಗುರುತನ್ನು ಹೀಗೆ ಕೈಯಲ್ಲಿ ಹಿಡಿದು ತೋರಿಸಬಲ್ಲವರು ಪ್ರಪಂಚದಲ್ಲಿ ಎಷ್ಟು ಜನರಿದ್ದಾರು?

ಇನ್ನು ಕಾಯಿದೆಯ ಮಾತು. ಅದು 1972ರದು. ಅದರ 17ನೆಯ ವಿಧಿಯಂತೆ ಮೂಲನಿವಾಸಿಗಳ ಸ್ಥಳವನ್ನು ಕೆಡಿಸುವುದು ಅಪರಾಧ. ಅದರ ಮಗ್ಗುಲಲ್ಲೇ 18ನೆಯ ವಿಧಿಯಿದೆ: ನೆಲದ ಒಡೆಯನು ಅರ್ಜಿ ಹಾಕಿದರೆ ಸಮಿತಿಯೊಂದು ಅದನ್ನು ನೋಡಿ ಸಲಹೆ ಕೊಡುವುದು, ಮಂತ್ರಿ ಒಪ್ಪಿದರೆ ಕೆಡಿಸಬಹುದು. ಇಲ್ಲಿ ಒಡೆಯನೆಂದರೆ ಯಾರು? ಗಣಿಯ ಗುತ್ತಿಗೆ ಹಿಡಿದವನೂ ಕಾಯಿದೆಯ ಕಣ್ಣಿಗೆ ಒಡೆಯನೇ! ಮಂತ್ರಿಯ ತೀರ್ಮಾನ ಹಿಡಿಸದಿದ್ದರೆ ಈ ಒಡೆಯನು ನ್ಯಾಯಮಂಡಳಿಗೆ ಹೋಗಬಹುದಾಗಿತ್ತು. ಸಾವಿರಾರು ವರ್ಷ ಅಲ್ಲಿ ಬಾಳಿದವರಿಗೆ ಆ ಹಕ್ಕು ಇರಲಿಲ್ಲ.

ರಿಯೋ ಟಿಂಟೋಗೆ ಒಪ್ಪಿಗೆ ದೊರೆತದ್ದು 2013ರ ಡಿಸೆಂಬರಿನಲ್ಲಿ. ಮೇಲೆ ಹೇಳಿದ ಉತ್ಖನನ ನಡೆದದ್ದು ಮರುವರ್ಷ. ಹೊಸ ಸಂಗತಿ ಹೊರಬಿದ್ದ ಮೇಲೆ ಹಳೆಯ ಅನುಮತಿಯನ್ನು ಮತ್ತೆ ವಿಚಾರಿಸಬೇಡವೆ? ಅದಕ್ಕೆ ಕಾಯಿದೆಯಲ್ಲಿ ದಾರಿಯೇ ಇರಲಿಲ್ಲ. ಕಂಪೆನಿಯ ಮುಂದೆ ಗಣಿಯ ನಾಲ್ಕು ನಕ್ಷೆಗಳಿದ್ದುವು. ಮೂರರಲ್ಲಿ ಗವಿಗಳು ಉಳಿಯುತ್ತಿದ್ದುವು. ಆರಿಸಿಕೊಂಡದ್ದು ನಾಲ್ಕನೆಯದನ್ನು. ಅದರಿಂದ ಹೆಚ್ಚಾಗಿ ಸಿಗುವ ಅದಿರು 80 ಲಕ್ಷ ಟನ್, ಬೆಲೆ ಸುಮಾರು 13.5 ಕೋಟಿ ಆಸ್ಟ್ರೇಲಿಯನ್ ಡಾಲರು.

ಜನರು ಏಕೆ ಮೊದಲೇ ಕೂಗಿಕೊಳ್ಳಲಿಲ್ಲ ಎಂದು ಕೇಳಬಹುದು. 1992ರ ಮಾಬೋ ತೀರ್ಪಿನಿಂದಲೂ 1993ರ ಕಾಯಿದೆಯಿಂದಲೂ ಮೂಲನಿವಾಸಿಗಳ ಭೂಮಿಯ ಹಕ್ಕಿಗೆ ಮನ್ನಣೆ ದೊರೆತಿತ್ತು. ಆದರೆ ಗಣಿಯ ವಿಷಯದಲ್ಲಿ ಅವರಿಗೆ ಬಂದದ್ದು ಮಾತುಕತೆ ನಡೆಸುವ ಹಕ್ಕು, ಬೇಡವೆನ್ನುವ ಹಕ್ಕಲ್ಲ. ಹೀಗಾಗಿ ಸಿಕ್ಕಷ್ಟು ಪರಿಹಾರಕ್ಕೆ ಒಪ್ಪಂದ ಮಾಡಿಕೊಳ್ಳುವುದೇ ವಾಡಿಕೆ. ಕಂಪೆನಿಯನ್ನು ಬಹಿರಂಗವಾಗಿ ಟೀಕಿಸಬಾರದೆಂಬ ಷರತ್ತೂ ಇಂಥ ಒಪ್ಪಂದಗಳಲ್ಲಿ ಇರುತ್ತಿತ್ತು. ಹಣವನ್ನೂ ಮೌನವನ್ನೂ ಒಂದೇ ಕಾಗದದಲ್ಲಿ ಬರೆಯಿಸಿಕೊಳ್ಳುವುದು ನ್ಯಾಯವೆಂದು ನನಗೆ ತೋರುವುದಿಲ್ಲ. 2020ರ ಜುಲೈಯಲ್ಲಿ ಗವಿಗಳಿಗೆ ಹೋಗಿಬರಬೇಕೆಂದು ಜನರು ಮೇ ತಿಂಗಳ ನಡುವಿನಲ್ಲಿ ಕೇಳಿದಾಗಲೇ, ಮದ್ದು ತುಂಬಿಸಿ ಆಗಿದೆಯೆಂಬ ಸುದ್ದಿ ಅವರಿಗೆ ಮುಟ್ಟಿದ್ದು. ತುಂಬಿದ ಮದ್ದನ್ನು ಅಪಾಯವಿಲ್ಲದೆ ತೆಗೆಯಲಾಗದೆಂದು ಕಂಪೆನಿ ಹೇಳಿತು. ಕೇಂದ್ರ ಸರ್ಕಾರದ 1984ರ ಕಾಯಿದೆಯಂತೆ ಅಲ್ಲಿಯ ಮಂತ್ರಿ ತಡೆಯಬಹುದಿತ್ತು. ವಕೀಲರು ಕೇಂದ್ರದ ಕಚೇರಿಗಳನ್ನು ಕೇಳಿಕೊಂಡರೂ ಫಲವಾಗಲಿಲ್ಲ.

ಆಮೇಲೆ ಗದ್ದಲವಾಯಿತು. ಕಂಪೆನಿಯ ಬಂಡವಾಳಗಾರರೇ ಸಿಟ್ಟಾದರು. ಮುಖ್ಯಾಧಿಕಾರಿ ಜಾನ್ ಸೆಬಾಸ್ಟಿಯನ್ ಜಾಕ್ ಮತ್ತಿಬ್ಬರು ಅಧಿಕಾರಿಗಳೊಡನೆ ಹುದ್ದೆ ಬಿಡಬೇಕಾಯಿತು. ಕೇಂದ್ರ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿ 2020ರಲ್ಲಿಯೂ 2021ರಲ್ಲಿಯೂ ವರದಿ ಕೊಟ್ಟಿತು. ಅನುಮತಿಯಿದ್ದುದರಿಂದ ಮೊಕದ್ದಮೆ ಮಾತ್ರ ಇಲ್ಲ.

ಪಶ್ಚಿಮ ಆಸ್ಟ್ರೇಲಿಯ ಸರ್ಕಾರ 2021ರಲ್ಲಿ ಹೊಸ ಕಾಯಿದೆ ಮಾಡಿತು. ಅಂತಿಮ ಅಧಿಕಾರವನ್ನು ಮತ್ತೆ ಮಂತ್ರಿಗೇ ಬಿಟ್ಟಿದ್ದಾರೆಂದು ಮೂಲನಿವಾಸಿ ಮುಖಂಡರು ಅದನ್ನು ವಿರೋಧಿಸಿದರು. 2023ರ ಜುಲೈ 1ರಂದು ಅದು ಜಾರಿಗೆ ಬರುವಾಗ ಇನ್ನೊಂದು ಕಡೆಯಿಂದ ಕೂಗೆದ್ದಿತು. 1,100 ಚದರ ಮೀಟರಿಗಿಂತ ದೊಡ್ಡ ಜಮೀನಿನವರು ನೆಲ ಅಗೆಯುವ ಮುನ್ನ ವಿಚಾರಿಸಿಕೊಳ್ಳಬೇಕೆಂಬ ನಿಯಮ ಬಂದು, ಬೇಲಿಗೆ ಗೂಟ ನೆಡುವುದಕ್ಕೂ ಅನುಮತಿ ಬೇಕೇನೋ ಎಂದು ರೈತರು ಗಾಬರಿಗೊಂಡರು. ಆ ಗಾಬರಿ ಪೂರಾ ಸುಳ್ಳೆನ್ನಲಾಗದು; ನಿಯಮಗಳು ತೊಡಕಾಗಿದ್ದುವು, ತಿಳಿಹೇಳಿದ್ದೂ ಸಾಲದು. ಆದರೆ ಮೂಲನಿವಾಸಿಗಳ ಪ್ರಾತಿನಿಧ್ಯವನ್ನು ಕುರಿತ ರಾಷ್ಟ್ರೀಯ ಜನಮತಗಣನೆ ಅದೇ ಅಕ್ಟೋಬರಿಗೆ ಬರಲಿದ್ದುದನ್ನೂ ಮರೆಯುವಂತಿಲ್ಲ. ಎಲ್ಲ ಮಾತಿಗೂ ಆಗ ಪಕ್ಷದ ಬಣ್ಣ ಹತ್ತುತ್ತಿತ್ತು. ಆಗಸ್ಟ್ 8ರಂದು, ಐದೇ ವಾರಗಳಲ್ಲಿ, ಪ್ರೀಮಿಯರ್ ರೋಜರ್ ಕುಕ್ ಕಾಯಿದೆಯನ್ನು ಹಿಂದೆಗೆದುಕೊಳ್ಳುವುದಾಗಿ ಸಾರಿದರು. (ಅಲ್ಲಿ ಪ್ರಾಂತದ ಮುಖ್ಯಮಂತ್ರಿಗೆ ಪ್ರೀಮಿಯರ್ ಎಂದು ಹೆಸರು.)

ನವೆಂಬರ್ 15ರಿಂದ 1972ರ ಕಾಯಿದೆಯೇ ತಿದ್ದುಪಡಿಗಳೊಡನೆ ಮರಳಿ ಬಂತು. ಹೊಸ ಸಂಗತಿ ತಿಳಿದರೆ ಅನುಮತಿ ಪಡೆದವನು ಮಂತ್ರಿಗೆ ವರದಿ ಮಾಡಬೇಕು. ಮಂತ್ರಿ ಮತ್ತೆ ಯೋಚಿಸಬಹುದು. ನೆಲದ ಹಕ್ಕುಳ್ಳ ಮೂಲನಿವಾಸಿಗಳೂ ಈಗ ನ್ಯಾಯಮಂಡಳಿಗೆ ಹೋಗಬಹುದು. 2013ರಲ್ಲಿ ಈ ಎರಡು ಸಾಲು ಕಾಯಿದೆಯಲ್ಲಿ ಇದ್ದಿದ್ದರೆ ಗವಿಗಳು ಬಹುಶಃ ಉಳಿಯುತ್ತಿದ್ದುವು. ಪ್ರಾಂತಕ್ಕೆ ಮುಖ್ಯವಾದ ವಿಷಯವೆಂದು ಕಂಡರೆ ನ್ಯಾಯಮಂಡಳಿಯಿಂದ ಪ್ರಕರಣವನ್ನು ತನ್ನ ಕೈಗೆ ತೆಗೆದುಕೊಳ್ಳುವ ಅಧಿಕಾರ ಮಾತ್ರ ಪ್ರೀಮಿಯರ್‌ಗೆ ಇದೆ. ಅದಿರಿನ ರಾಜಧನ ಸೇರುವುದೂ ಅದೇ ಸರ್ಕಾರದ ಬೊಕ್ಕಸಕ್ಕೆ.