ಬಾಂಬರ್ ವಿಮಾನಗಳಿಗೆ ಜೀವ ತುಂಬಿದ ಬೆಂಗಳೂರು

ತುಂಗಾ ಭದ್ರೆಯರ ನಡುವಣ ಮೇಗುಂದ ಸೀಮೆಗೂ ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನಗಳಿಗೂ ಯಾವ ಸಂಬಂಧವೆಂದು ಯಾರಿಗಾದರೂ ತೋರಬಹುದು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹಿಂದಿನ ತಲೆಮಾರಿನವರು ಚಳಿಜ್ವರದಿಂದ ಪಟ್ಟ ಪಾಡನ್ನು ಬಲ್ಲವರಿಗೆ ಆ ಸಂಬಂಧ ಸುಲಭವಾಗಿ ಗೋಚರಿಸುತ್ತದೆ. ಆ ಜ್ವರಕ್ಕೆ ಮದ್ದು ಕ್ವಿನೈನ್. ಜಗತ್ತಿನ ಕ್ವಿನೈನಿನ ಬಹುಭಾಗವನ್ನು ಒದಗಿಸುತ್ತಿದ್ದ ಜಾವಾ ದ್ವೀಪವು 1942ರ ಮಾರ್ಚಿನಲ್ಲಿ ಜಪಾನೀಯರ ವಶವಾಯಿತು. ಅದೇ ಜಾವಾದಲ್ಲಿ ಕಾದಾಡಿ, ಅಲ್ಲಿ ನಿಲ್ಲಲಾರದೆ, ಅದೇ ತಿಂಗಳಲ್ಲಿ ಭಾರತವನ್ನು ಸೇರಿದುದು ಅಮೆರಿಕದ ಏಳನೆಯ ಭಾರಿ ಬಾಂಬರ್ ದಳ.

ಈ ದಳದ ಯುದ್ಧಾರಂಭವೇ ವಿಲಕ್ಷಣವಾದುದು. 1941ರ ಡಿಸೆಂಬರ್ 7ರಂದು ಫಿಲಿಪೀನ್ಸಿಗೆ ಹೊರಟಿದ್ದ ಅದರ ಕೆಲವು ವಿಮಾನಗಳು ಹವಾಯಿಯಲ್ಲಿ ಇಳಿಯುವ ವೇಳೆಗೆ ಪರ್ಲ್ ಹಾರ್ಬರ್ ಉರಿಯುತ್ತಿತ್ತು. ಭಾರತಕ್ಕೆ ಬಂದ ಮೇಲೆ, ಬಂಗಾಳದ ಪಾಂಡವೇಶ್ವರವೇ ಮೊದಲಾದ ನೆಲೆಗಳಿಂದ, 9, 436, 492, 493 ಎಂಬ ನಾಲ್ಕು ಸ್ಕ್ವಾಡ್ರನ್ನುಗಳು ರಂಗೂನಿನ ಬಂದರನ್ನೂ ಬರ್ಮಾದ ರೈಲು ಹಾದಿಗಳನ್ನೂ ಸೇತುವೆಗಳನ್ನೂ ಎಡೆಬಿಡದೆ ಹೊಡೆದವು. 1944ರಲ್ಲಿ ಬಾಂಬುಗಳನ್ನು ಬದಿಗಿಟ್ಟು, ಹಿಮಾಲಯದ ಪೂರ್ವಶ್ರೇಣಿಯ ಮೇಲಿಂದ ಚೀನಕ್ಕೆ ಪೆಟ್ರೋಲನ್ನು ಹೊತ್ತವು. ಆ ವರ್ಷದ ಕೊನೆಯಲ್ಲಿ, ಬೀಳುತ್ತಿರುವಾಗಲೇ ರೇಡಿಯೋ ಸಂಕೇತದಿಂದ ಎಡಕ್ಕೂ ಬಲಕ್ಕೂ ತಿರುಗಿಸಬಹುದಾದ ‘ಏಝಾನ್’ ಬಾಂಬು ಬಂದಿತು. ಕಿರಿದಾದ ಸೇತುವೆಗಳನ್ನು ಕೆಡಹುವುದು ಅದರಿಂದ ಸಾಧ್ಯವಾಯಿತು. ಈ ದಾಳಿಗಳಿಗೆ ಗುರಿಯಾದ ಸಯಾಂ–ಬರ್ಮಾ ರೈಲುಮಾರ್ಗದ ಬದಿಯಲ್ಲಿ ಮಿತ್ರರಾಷ್ಟ್ರಗಳ ಯುದ್ಧಕೈದಿಗಳ ಶಿಬಿರಗಳಿದ್ದುದರಿಂದ, ಮಿತ್ರರ ವಿಮಾನಗಳ ಬಾಂಬಿಗೆ ಮಿತ್ರರ ಸೈನಿಕರೇ ಬಲಿಯಾದ ಪ್ರಸಂಗಗಳೂ ಉಂಟು. ಶೌರ್ಯದ ಕಥೆಯನ್ನು ಹೇಳುವಾಗ ಈ ದುಃಖವನ್ನು ಮರೆಮಾಚುವುದು ಧರ್ಮವಲ್ಲ.

ಹೀಗೆ ದಣಿಯುತ್ತಿದ್ದ ವಿಮಾನಗಳಿಗೆ ಚಿಕಿತ್ಸೆ ಬೇಕಿತ್ತು. ಸಾಗರದಾಚೆಯ ಕಾರ್ಖಾನೆಗಳು ದೂರವಾಗಿದ್ದ ಆ ಕಾಲದಲ್ಲಿ ಭಾರತ–ಬರ್ಮಾ ರಂಗದ ಅಮೆರಿಕನ್ ವಿಮಾನಗಳಿಗೆ ದೊಡ್ಡ ಆಸರೆಯಾಗಿ ಒದಗಿದುದು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ಸಹಭಾಗಿತ್ವದಿಂದಲೂ 1940ರ ಡಿಸೆಂಬರ್ 23ರಂದು ಸ್ಥಾಪಿತವಾದ ಈ ಸಂಸ್ಥೆಯು, ಮರುವರ್ಷವೇ ಹಾರ್ಲೋ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಿತು. 1942ರಲ್ಲಿ ಅದರ ಆಡಳಿತವನ್ನು ಭಾರತ ಸರ್ಕಾರ ವಹಿಸಿಕೊಂಡಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಸೇನೆಯ ಉಸ್ತುವಾರಿಗೆ ಬಂದು, 84ನೆಯ ಏರ್ ಡಿಪೋ ಎಂಬ ಹೆಸರನ್ನು ತಳೆಯಿತು. ಕ್ಯಾಟಲೀನಾ ಎಂಬ ಕಡಲ ವಿಮಾನಗಳು, ಡಕೋಟಾಗಳು, ಮಿಚೆಲ್ ಮತ್ತು ಲಿಬರೇಟರ್ ಬಾಂಬರುಗಳು ಇಲ್ಲಿ ದುರಸ್ತಿಯಾದವು.

ಬರ್ಮಾದ ಮೇಲೆ ಏಳನೆಯ ದಳ ಹಾರಿಸುತ್ತಿದ್ದ ಲಿಬರೇಟರ್ ಸಾಮಾನ್ಯ ಯಂತ್ರವಲ್ಲ. 110 ಅಡಿ ಅಗಲದ ರೆಕ್ಕೆ, ಹತ್ತು ಮಂದಿಯ ಸಿಬ್ಬಂದಿ, ತಲಾ 1,200 ಅಶ್ವಶಕ್ತಿಯ ನಾಲ್ಕು ಎಂಜಿನ್ನುಗಳು. ಪ್ರಾಟ್ ಅಂಡ್ ವಿಟ್ನಿ ಕಂಪೆನಿಯ ಈ ಎಂಜಿನ್ನಿನಲ್ಲಿ ಏಳೇಳರಂತೆ ಎರಡು ಸಾಲುಗಳಲ್ಲಿ ಹದಿನಾಲ್ಕು ಸಿಲಿಂಡರುಗಳು ಒಂದು ದಂಡವನ್ನು ಸುತ್ತುವರಿದಿರುತ್ತವೆ. ಅದನ್ನು ಓವರ್‌ಹಾಲ್ ಮಾಡುವುದೆಂದರೆ ಪ್ರತಿಯೊಂದು ಭಾಗವನ್ನೂ ಬಿಚ್ಚಿ, ಜಿಡ್ಡನ್ನು ತೊಳೆದು, ಪಿಸ್ಟನ್ನು ಬೇರಿಂಗುಗಳ ಸವೆತವನ್ನು ಮೈಕ್ರೋಮೀಟರಿನಿಂದ ಅಳೆದು, ಬಿರುಕನ್ನು ಹುಡುಕಿ, ಕೆಟ್ಟುದನ್ನು ಬದಲಿಸಿ, ಮತ್ತೆ ಜೋಡಿಸಿ, ಪರೀಕ್ಷಾಪೀಠದ ಮೇಲೆ ಓಡಿಸಿ ನೋಡುವುದು. ಈ ಎಂಜಿನ್ನಿನ ವಂಶದವೇ ಕ್ಯಾಟಲೀನಾ, ಡಕೋಟಾಗಳಲ್ಲಿಯೂ ಇದ್ದುದರಿಂದ, ಒಂದರಲ್ಲಿ ಪಳಗಿದ ಫಿಟ್ಟರನ ಕೈ ಮೂರರಲ್ಲಿಯೂ ನಡೆಯಿತು. ಆಗಸದಲ್ಲಿ ಹತ್ತು ಜೀವಗಳು ಈತನ ಕೈಗುಣವನ್ನು ನಂಬಿದ್ದವು.

ಯುದ್ಧ ಮುಗಿದು ಏಳನೆಯ ದಳ 1945ರ ಡಿಸೆಂಬರಿನಲ್ಲಿ ತಾಯ್ನಾಡಿಗೆ ಹಿಂದಿರುಗಿತು. ಆದರೆ ಬೆಂಗಳೂರಿನವರು ಕಲಿತ ವಿದ್ಯೆ ಇಲ್ಲಿಯೇ ಉಳಿಯಿತು. ಕಾನ್ಪುರದ ಚಕೇರಿಯಲ್ಲಿ, ಮತ್ತೆ ಹಾರಬಾರದೆಂದು ಉದ್ದೇಶಪೂರ್ವಕವಾಗಿ ಹಾಳುಗೆಡವಿ ಬಿಟ್ಟಿದ್ದ ಲಿಬರೇಟರುಗಳ ರಾಶಿಯಿಂದ ಉಳಿಸಬಹುದಾದವನ್ನು ಆರಿಸಿ, ಹಾರುವಷ್ಟು ಮಟ್ಟಿಗೆ ಸರಿಪಡಿಸಿದಾಗ, ಕಾರ್ಖಾನೆಯ ಪರೀಕ್ಷಾ ವಿಮಾನಚಾಲಕ ಜಮ್‌ಷೆಡ್ ಮುನ್ಷಿಯವರು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿ ಹೊಂದಿದ ನಾಲ್ವತ್ತಕ್ಕೂ ಮಿಕ್ಕಿದ ಲಿಬರೇಟರುಗಳು ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರುಗಳಾದವು. 1948ರ ನವೆಂಬರಿನಲ್ಲಿ ಐದನೆಯ ಸ್ಕ್ವಾಡ್ರನ್ನು ಇವುಗಳೊಡನೆಯೇ ರೂಪುಗೊಂಡಿತು. ಅನಂತರ ಆರನೆಯದು ಇವುಗಳಿಂದ ಕಡಲನ್ನು ಕಾಯಿತು. 1968ರ ವರೆಗೆ ಇವು ಸೇವೆಯಲ್ಲಿದ್ದವು. ಇಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದಲ್ಲಿಯೂ ಅಮೆರಿಕದ ಟೂಸಾನ್ ನಗರದ ಪೀಮಾ ಸಂಗ್ರಹಾಲಯದಲ್ಲಿಯೂ ಜನರು ನೋಡುವ ಲಿಬರೇಟರುಗಳು ಭಾರತೀಯ ವಾಯುಸೇನೆಯಲ್ಲಿ ದುಡಿದು ಅಲ್ಲಿಗೆ ಹೋದವುಗಳೇ.

ಬಾಂಬು ಹಾಕಿದವರ ಹೆಸರುಗಳನ್ನು ಯುದ್ಧದ ಇತಿಹಾಸ ದಾಖಲಿಸಿದೆ. ವಿಮಾನಕ್ಕೆ ಜೀವ ತುಂಬಿದ ಕನ್ನಡ ನಾಡಿನ ಕಾರ್ಮಿಕರ ಹೆಸರುಗಳಿಗೆ ಅಂಥ ಭಾಗ್ಯ ದೊರೆಯಲಿಲ್ಲ. ಮುರಿಯುವ ಶಕ್ತಿಗಿಂತ ಮುರಿದುದನ್ನು ಕೂಡಿಸುವ ವಿದ್ಯೆಯೇ ನಾಡಿಗೆ ಶಾಶ್ವತವಾದ ಆಸ್ತಿಯೆಂಬುದನ್ನು ಆ ಕಾರ್ಖಾನೆಯ ಚರಿತ್ರೆ ಸ್ಥಿರಪಡಿಸಿದೆ. ಬೆಂಗಳೂರಿಗೆ ಹೋದಾಗ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿರುವ, ಆ ಕಾರ್ಖಾನೆಯದೇ ಆದ ಎಚ್‌ಎಎಲ್ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಿರಿ. ನಿಮ್ಮ ಮನೆತನದ ಹಿರಿಯರಾರಾದರೂ ಆ ಕಾರ್ಖಾನೆಯಲ್ಲಿ ದುಡಿದಿದ್ದರೆ, ಅವರ ಭಾವಚಿತ್ರವನ್ನು ಕಾಪಾಡಿ, ನೆನಪುಗಳನ್ನು ಬರೆದಿಟ್ಟು ಮಕ್ಕಳ ಕೈಗೆ ಒಪ್ಪಿಸಿರಿ.