ಕೀಲುನೋವು ಮಾಯವಾದರೂ ಹೃದಯವನ್ನು ಮರೆಯದಿರಿ

ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲುನೋವು ಬಂದ 2-3 ವಾರಗಳ ತರುವಾಯ, 5ರಿಂದ 15 ವರ್ಷದ ಕೆಲವು ಮಕ್ಕಳಲ್ಲಿ ಜ್ವರದೊಡನೆ ಕೀಲುಗಳು ಊದಿಕೊಳ್ಳುತ್ತವೆ. ರೋಗಾಣುವಿನ ವಿರುದ್ಧ ಹೋರಾಡಿದ ರೋಗನಿರೋಧಕ ಶಕ್ತಿಯೇ, ಅದನ್ನು ಹೋಲುವ ಸ್ವಂತ ಅಂಗಾಂಶಗಳನ್ನು ಶತ್ರುವೆಂದು ಭ್ರಮಿಸಿ ಪೀಡಿಸುವುದು ಇದಕ್ಕೆ ಕಾರಣ. ಇದೇ ರುಮ್ಯಾಟಿಕ್ ಜ್ವರ.

ಮಾಧವನಿದಾನದಲ್ಲಿ ವರ್ಣಿತವಾದ ಆಮವಾತವನ್ನು ಹೋಲುವ ಈ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಸರಿಯುತ್ತ, ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ. ಆದರೆ ಹೃದಯದ ಕವಾಟಗಳಿಗಾದ ಹಾನಿ ಶಾಶ್ವತವಾಗಿ ಉಳಿಯಬಹುದು. ಜ್ವರ ಮರುಕಳಿಸಿದಷ್ಟೂ ಅದು ಹೆಚ್ಚುತ್ತದೆ.

ಆದುದರಿಂದ ಪಾಲಕರು ಎಣ್ಣೆ ತಿಕ್ಕಿ ಸುಮ್ಮನಾಗದೆ ಮಗುವಿನ ಹೃದಯವನ್ನು ಪರೀಕ್ಷಿಸಿಸಬೇಕು. 3-4 ವಾರಗಳಿಗೊಮ್ಮೆ ನೀಡುವ ಪೆನಿಸಿಲಿನ್ ಚುಚ್ಚುಮದ್ದನ್ನು, ನೋವಿಲ್ಲವೆಂದು ನಿಲ್ಲಿಸದೆ, ವೈದ್ಯರು ಹೇಳಿದಷ್ಟು ವರ್ಷ ಕೊಡಿಸಬೇಕು. ಆಯುರ್ವೇದ ವೈದ್ಯನಾದ ನಾನೇ ಹೇಳುತ್ತೇನೆ: ನಮ್ಮ ಕಷಾಯವು ಅದಕ್ಕೆ ಬದಲಿಯಲ್ಲ.