ಬಿರಡೆ ಹಾರಿಸಿದ ಎಣ್ಣೆ

ರೈಲು ಗಾಲಿಯ ಅಚ್ಚಿನಲ್ಲಿ ತಿಕ್ಕಾಟ ಎಷ್ಟಿರುತ್ತದೆ ಎಂದು ಅಳೆದು ಹೇಳುವ ಕೆಲಸವನ್ನು ಇಂಗ್ಲೆಂಡಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆ ಬೀಚಮ್ ಟವರ್ ಎಂಬಾತನಿಗೆ ಒಪ್ಪಿಸಿತ್ತು. ಆತ ಹೂಡಿದ ಯಂತ್ರ ಸರಳವಾದದ್ದು. 4 ಅಂಗುಲ ದಪ್ಪದ ಅಚ್ಚು, ಅದರ ನೆತ್ತಿಯ ಮೇಲೆ ಭಾರ ಹೊತ್ತು ಕೂತ ಅರ್ಧ ಬೇರಿಂಗು, ಕೆಳಗೆ ಎಣ್ಣೆಯ ತೊಟ್ಟಿ. ಮೇಲಿನಿಂದ ಎಣ್ಣೆ ಬಿಟ್ಟು ನೋಡೋಣವೆಂದು ಬೇರಿಂಗಿನ ನಡುವೆ ಒಂದು ತೂತು ಕೊರೆಸಿದ. ಯಂತ್ರ ತಿರುಗಿಸಿದರೆ ಎಣ್ಣೆ ಒಳಗೆ ಇಳಿಯುವ ಬದಲು ಅದೇ ತೂತಿನಿಂದ ಮೇಲೆ ಉಕ್ಕಿ ಹರಿಯಿತು. ಗಲೀಜು ತಪ್ಪಲೆಂದು ಕಾರ್ಕಿನ ಬಿರಡೆ ಜಡಿದರು. ಎಣ್ಣೆ ಅದನ್ನು ಹೊರಗೆ ತಳ್ಳಿತು. ಮರದ ಬೆಣೆ ಹೊಡೆದರು. ಅದಕ್ಕೂ ಅದೇ ಗತಿ.

ಇನ್ನೊಬ್ಬನಾಗಿದ್ದರೆ ಇನ್ನಷ್ಟು ಗಟ್ಟಿ ಬೆಣೆ ಹುಡುಕುತ್ತಿದ್ದ. ಟವರ್ ಅಲ್ಲಿಗೆ ಒತ್ತಡ ಅಳೆಯುವ ಮೀಟರು ಕೂರಿಸಿದ. ಬೇರಿಂಗಿನ ಮೇಲಿದ್ದ ಭಾರ ಸರಾಸರಿ ಚದರ ಅಂಗುಲಕ್ಕೆ 100 ಪೌಂಡ್. ಮೀಟರಿನ ಮುಳ್ಳು ಅದರ ಕೊನೆಯ ಗುರುತಾದ 200ನ್ನೂ ದಾಟಿತು. ಅಲ್ಲಿ ಪಂಪಿರಲಿಲ್ಲ, ಎಣ್ಣೆಯನ್ನು ಯಾರೂ ಒತ್ತಿರಲಿಲ್ಲ. ತಿರುಗುವ ಅಚ್ಚೇ ಎಣ್ಣೆಯನ್ನು ಎಳೆದುಕೊಂಡು ಹೋಗಿ, ಆ ಒತ್ತಡ ಹುಟ್ಟಿಸಿ, ಇಡೀ ಭಾರವನ್ನು ಎತ್ತಿ ಹಿಡಿದಿತ್ತು. ಲೋಹ ಲೋಹಕ್ಕೆ ತಾಗುತ್ತಲೇ ಇರಲಿಲ್ಲ! 1883ರಲ್ಲಿ ಟವರ್ ವರದಿ ಕೊಟ್ಟ. ಅಚ್ಚು ನಡುವಿನಿಂದ ಕೊಂಚ ಸರಿದು ನಿಲ್ಲುವುದರಿಂದ ಒಂದು ಕಡೆ ಸಂದು ಕಿರಿದಾಗುತ್ತದೆ, ಆ ಇಕ್ಕಟ್ಟಿಗೆ ಎಣ್ಣೆ ನುಗ್ಗುವಾಗ ಒತ್ತಡ ಏರುತ್ತದೆ ಎಂದು ಮ್ಯಾಂಚೆಸ್ಟರಿನ ಪ್ರೊಫೆಸರ್ ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಲೆಕ್ಕ ಹಾಕಿ ತೋರಿಸಿದ.

ನಿಮ್ಮ ಕಾರಿನ ಕ್ರ್ಯಾಂಕ್‌ಶಾಫ್ಟ್ ಇವತ್ತೂ ತಿರುಗುತ್ತಿರುವುದು ಈ ಲೆಕ್ಕದ ಮೇಲೆಯೇ. ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವ ಸಂದು, ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಕೆಲವು ಪಾಲು, ಅಷ್ಟೇ. ಆಯಿಲ್ ಪಂಪು ಭಾರ ಹೊರುವುದಿಲ್ಲ. ಅದು ಬಡಿಸುವ ಆಳು ಮಾತ್ರ, ಹೊರುವುದು ತಿರುಗುವ ಎಣ್ಣೆಯ ಪದರ. ಆದರೆ ಆ ಎಣ್ಣೆ ಬದಿಯಿಂದ ಸದಾ ಸೋರಿ ಹೋಗುತ್ತಿರುತ್ತದೆ. ಬಡಿಸುವವನು ಒಂದೆರಡು ಸೆಕೆಂಡು ಗಾಳಿ ಬಡಿಸಿದರೂ ಪದರ ಕಡಿದುಹೋಗುತ್ತದೆ.

ರಸ್ತೆಯಲ್ಲಿ ಹಾಗಾಗುವುದು ಅಪರೂಪ. ರೇಸ್ ಟ್ರ್ಯಾಕಿನ ಮಾತು ಬೇರೆ. ಒಳ್ಳೆಯ ಟೈರು ಹಾಕಿದ ಕಾರು ಉದ್ದನೆಯ ತಿರುವಿನಲ್ಲಿ ಗುರುತ್ವದಷ್ಟೇ ಬಲದಿಂದ ಪಕ್ಕಕ್ಕೆ ಎಳೆಯಲ್ಪಡುತ್ತದೆ. ಆಗ ಇಂಜಿನ್ನಿನ ತಳದ ಆಯಿಲ್ ಚೇಂಬರಿನಲ್ಲಿರುವ ಎಣ್ಣೆಯ ಮಟ್ಟ 45 ಡಿಗ್ರಿ ವಾಲಿ ಗೋಡೆ ಏರುತ್ತದೆ, ಪಂಪಿನ ಹೀರುಕೊಳವೆ ಬರಿದಾಗಿ ನಿಲ್ಲುತ್ತದೆ. ಅದೇ ಗಳಿಗೆಯಲ್ಲಿ ಚಾಲಕನ ಕಾಲು ಆಕ್ಸಿಲರೇಟರಿನ ಮೇಲಿರುತ್ತದೆ. ಸಾಮಾನ್ಯವಾಗಿ ಮೊದಲು ಹೋಗುವುದು ಕನೆಕ್ಟಿಂಗ್ ರಾಡಿನ ಬೇರಿಂಗು. ಕೆಟ್ಟ ದಿನವಾದರೆ ರಾಡೇ ಬ್ಲಾಕು ಒಡೆದುಕೊಂಡು ಹೊರಬರುತ್ತದೆ.

ಇದಕ್ಕೆ ಮದ್ದು ಎಣ್ಣೆಯನ್ನು ಇಂಜಿನ್ನಿನ ತಳದಲ್ಲಿ ಇಡದೇ ಇರುವುದು. ಡ್ರೈ ಸಂಪ್ ಎಂಬ ಈ ಏರ್ಪಾಡಿನಲ್ಲಿ ತಳಕ್ಕೆ ಬಿದ್ದ ಎಣ್ಣೆಯನ್ನು ಒಂದು ಪಂಪು ಹೀರಿ ಬೇರೆ ಟ್ಯಾಂಕಿಗೆ ಕಳಿಸುತ್ತದೆ, ಇನ್ನೊಂದು ಪಂಪು ಟ್ಯಾಂಕಿನ ಬುಡದಿಂದ ಬೇರಿಂಗಿಗೆ ಕೊಡುತ್ತದೆ. ಎತ್ತರದ ಟ್ಯಾಂಕು ವಾಲಿದರೂ ಬುಡ ಬರಿದಾಗುವುದಿಲ್ಲ, ಎಣ್ಣೆಯಲ್ಲಿ ಬೆರೆತ ಗಾಳಿಗೂ ಮೇಲೆದ್ದು ಹೋಗಲು ಪುರುಸೊತ್ತು ಸಿಗುತ್ತದೆ. ವಿಮಾನದ ಇಂಜಿನ್ನುಗಳಿಗೆ ಇದು ಹಳೆಯ ಪಾಠ. ನಮ್ಮ ಹಳೇ ಬುಲೆಟ್ ಬೈಕಿನದೂ ಡ್ರೈ ಸಂಪೇ, ಟ್ಯಾಂಕು ಕ್ರ್ಯಾಂಕ್‌ಕೇಸಿನೊಳಗೇ ಅಡಗಿದೆ.

ರಸ್ತೆ ಕಾರಿಗೆ ಈ ಖರ್ಚು ಯಾಕೆ ಎಂಬ ಪ್ರಶ್ನೆ ಜರ್ಮನಿಯ ಪೋರ್ಷೆಯಲ್ಲೂ ಎದ್ದಿತ್ತು. ಎರ್ನ್‌ಸ್ಟ್ ಫುರ್‌ಮನ್ 1950ರ ದಶಕದಲ್ಲಿ ರೂಪಿಸಿದ ಅವರ ರೇಸ್ ಇಂಜಿನ್ನಿನಲ್ಲಿ ಡ್ರೈ ಸಂಪ್ ಇತ್ತು. ಆದರೂ 911 ಎಂದು ಮುಂದೆ ಹೆಸರಾದ ಕಾರಿಗೆ ಮೊದಲು ತಯಾರಾದ ಆರು ಸಿಲಿಂಡರಿನ ಮಾದರಿಗಳಲ್ಲಿ ಎಣ್ಣೆ ತಳದಲ್ಲೇ ಇತ್ತು. ಹಾನ್ಸ್ ಮೆಟ್ಸ್‌ಗರ್ ಮತ್ತು 1963ರಲ್ಲಿ ಕಂಪನಿ ಸೇರಿದ ಫರ್ಡಿನಾಂಡ್ ಪೀಶ್ ಇದ್ದ ತಂಡ ಅದನ್ನು ಡ್ರೈ ಸಂಪಿಗೆ ಬದಲಾಯಿಸಿತು. ಮುಂದೆ ರೇಸಿಗೆ ಇಳಿಯುವ ಇಂಜಿನ್ನು ಎಂಬ ದೂರದೃಷ್ಟಿ ಅದರ ಹಿಂದಿತ್ತು. ದಶಕಗಳ ಕಾಲ ಆ ಇಂಜಿನ್ನು ಟ್ರ್ಯಾಕಿನಲ್ಲಿ ಬಾಳಿದ್ದನ್ನು ನೋಡಿದರೆ ಆ ಖರ್ಚು ದಂಡವಾಗಲಿಲ್ಲ. ಒಂದು ತಮಾಷೆಯೂ ನಡೆಯಿತು. 1972ರ ಮಾದರಿಯಲ್ಲಿ ಆಯಿಲ್ ಟ್ಯಾಂಕನ್ನು ಬಲ ಹಿಂಗಾಲಿಯ ಮುಂದಕ್ಕೆ ತಂದು ಹೊರಗಡೆ ಮುಚ್ಚಳ ಇಟ್ಟರು. ಬಂಕಿನ ಹುಡುಗರು ಅದರೊಳಗೆ ಪೆಟ್ರೋಲು ಸುರಿಯತೊಡಗಿದರು. ಮರುವರ್ಷ ಮುಚ್ಚಳ ಮಾಯವಾಯಿತು.

ಎಲ್ಲರ ಕಾರಿಗೂ ಡ್ರೈ ಸಂಪ್ ಕೂರಿಸಲಾಗದು, ದುಡ್ಡೂ ಸಾಲದು, ಜಾಗವೂ ಸಾಲದು. ಚೇಂಬರಿನೊಳಗೆ ಅಡ್ಡಗೋಡೆ ಹಾಕಿ, ಎಣ್ಣೆ ಹೀರುಕೊಳವೆಯ ಕಡೆಗೆ ಬರಲಷ್ಟೇ ತೆರೆಯುವ ಪುಟ್ಟ ಕದ ಇಡುವುದು ಅಗ್ಗದ ದಾರಿ. ಒತ್ತಡದಲ್ಲಿ ಎಣ್ಣೆ ತುಂಬಿಟ್ಟ ಸಿಲಿಂಡರೊಂದನ್ನು ಜೋಡಿಸಿ, ಪಂಪು ಸೋತ ಕ್ಷಣ ಅದು ತಾನಾಗಿ ಎಣ್ಣೆ ಕೊಡುವಂತೆ ಮಾಡುವುದು ಇನ್ನೊಂದು. ಎರಡೂ ಕೆಲವು ಸೆಕೆಂಡು ಕೊಳ್ಳುವ ಉಪಾಯಗಳೇ. ಆದರೆ ತಿರುವು ಇರುವುದೂ ಕೆಲವೇ ಸೆಕೆಂಡು.

ಬೆಂಗಳೂರಿನಿಂದ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಸ್ವಂತ ಕಾರು ಒಯ್ಯುವವರು ಇಷ್ಟಾದರೂ ಮಾಡಿ. ಎಣ್ಣೆ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗೆ ಮುಟ್ಟಿರಲಿ, ದಾಟುವುದು ಬೇಡ, ಹೆಚ್ಚಾದರೆ ಕ್ರ್ಯಾಂಕು ಕಡೆದು ನೊರೆ ಮಾಡುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಬೇಡಿ. ಒತ್ತಡ ತೀರಾ ಕುಸಿದ ಮೇಲಷ್ಟೇ ಅದು ಹೊತ್ತಿಕೊಳ್ಳುತ್ತದೆ. ಆಯಿಲ್ ಪ್ರೆಶರ್ ಮೀಟರು ಹಾಕಿಸಿಕೊಳ್ಳಿ, ತಿರುವಿನಲ್ಲಿ ಮುಳ್ಳು ಇಳಿದರೆ ಕಾಲು ತೆಗೆದು ಕಾರನ್ನು ಪಿಟ್‌ಗೆ ತನ್ನಿ.